ಕೀ ತೆಗೆಯುವ ಮುಂಚೆ ಒಂದು ನಿಮಿಷ

ಕೆಂಪು ಕಾರು ಮೂರನೆಯ ಸಲ ಗ್ಯಾರೇಜಿಗೆ ಬಂದಾಗ ಕಿವಿಮೇಸ್ತ್ರಿ ಬೇರೊಂದು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಎದ್ದು ನೋಡುವ ಅಗತ್ಯ ಬೀಳಲಿಲ್ಲ. ಕಾರು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ಕೂಗು ಕೇಳಿಸಿತ್ತು. ದೂರದಲ್ಲೆಲ್ಲೋ ಆಂಬುಲೆನ್ಸ್ ಹೋಗುತ್ತಿದೆಯೇನೋ ಅನ್ನಿಸುವಂಥ, ಎಂಜಿನ್ನಿನ ವೇಗದ ಜೊತೆಗೇ ಏರಿ ಅದರ ಜೊತೆಗೇ ಇಳಿಯುವ ಸಣ್ಣ ಕೂಗು. ಒಂಬತ್ತು ತಿಂಗಳಲ್ಲಿ ಎರಡು ಸಲ ಅವನು ಆ ಕೂಗನ್ನು ಅಡಗಿಸಿ ಕಳಿಸಿದ್ದ.

"ರೀ, ಹಲ್ಲಿನ ಡಾಕ್ಟ್ರು ಬಂದಿದಾರೆ," ಎಂದು ಹೆಂಡತಿ ಗಾಜಿನ ಕೋಣೆಯಿಂದ ಕೂಗಿದಳು. ಗ್ಯಾರೇಜಿನ ಫೋನು, ಬಿಲ್ಲು, ಗಿರಾಕಿಗಳ ಸಿಡಿಮಿಡಿ ಎಲ್ಲ ಅವಳ ಪಾಲಿನದು.

"ಗೊತ್ತಾಯ್ತು."

"ನೋಡ್ದೇನೇ?"

"ನೋಡೋದೇನಿದೆ? ಟರ್ಬೊ ಹೋಗಿದೆ."

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುವುದು ಅವನ ರೂಢಿ. ಹಾಗೆ ನಿಂತೇ ಒಳಗಿನ ರೋಗ ಹೇಳಿಬಿಡುತ್ತಿದ್ದ. ಅದಕ್ಕೇ ಜನ ಕಿವಿಮೇಸ್ತ್ರಿ ಅನ್ನುತ್ತಿದ್ದರು. ಹೇಳಿದ್ದು ತಪ್ಪಾದದ್ದು ಕಡಿಮೆ. ಆದರೆ ಈ ಕೆಂಪು ಕಾರಿನ ವಿಷಯದಲ್ಲಿ ರೋಗದ ಹೆಸರು ಗೊತ್ತಿದ್ದರೂ ಅದು ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ.

ಡಾಕ್ಟರಮ್ಮ ಕಾರಿನಿಂದಿಳಿದು ಬಾಗಿಲನ್ನು ಮೆತ್ತಗೆ ಹಾಕಿದರು. ಐವತ್ತರ ಹತ್ತಿರದ ಹೆಂಗಸು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಂಡವರ ಬಾಯೊಳಗೆ ಬಗ್ಗಿ ನೋಡಿ ನೋಡಿ ಸಾಕಾದಾಗ, ಕ್ಲಿನಿಕ್ಕಿಗೆ ಬೀಗ ಹಾಕಿ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಈ ಕಾರನ್ನು ಓಡಿಸಿಕೊಂಡು ಮನೆಗೆ ಹೋಗುವುದು ಅವರ ಪಾಲಿನ ಒಂದೇ ಒಂದು ದುಶ್ಚಟ. ಕಾರಿಗೆ ಇಪ್ಪತ್ತು ವರ್ಷ ವಯಸ್ಸು, ಎರಡೇ ಬಾಗಿಲು. ಪಂದ್ಯದ ಕಾರುಗಳ ಎಂಜಿನ್ನನ್ನೇ ಮಾಮೂಲಿ ಜನರಿಗೂ ಕೊಡೋಣ ಎಂದು ಯಾರೋ ಒಂದು ಕಾಲದಲ್ಲಿ ಮನಸ್ಸು ಮಾಡಿದಾಗ ಹುಟ್ಟಿದ್ದು.

"ಎಕ್ಸಲರೇಟರ್ ಒತ್ತಿದ್ರೆ ಕೂಗತ್ತೆ, ಹೋಗಲ್ಲ. ಹಿಂದೆ ನೀಲಿ ಹೊಗೆ," ಅಂದರು ಡಾಕ್ಟರಮ್ಮ. "ಹೋದ ಸಲದ ಹಾಗೇ."

"ಅದರ ಹಿಂದಿನ ಸಲದ ಹಾಗೂ," ಅಂದ ಮೇಸ್ತ್ರಿ.

ಟರ್ಬೊ ಅನ್ನುವುದು ನೋಡಲು ಎರಡು ಬಸವನಹುಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಹಾಗಿರುತ್ತದೆ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಿಪ್ಪಿನೊಳಗಿನ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ಶಾಫ್ಟಿಗೆ ಆಧಾರವೆಂದರೆ ಎರಡು ಪುಟ್ಟ ಬೇರಿಂಗು, ಅವುಗಳಿಗೂ ಶಾಫ್ಟಿಗೂ ನಡುವೆ ಕೂದಲೆಳೆಯಷ್ಟೂ ದಪ್ಪವಿಲ್ಲದ ಆಯಿಲಿನ ಪೊರೆ. ಆಯಿಲು ಹರಿಯುತ್ತಿರುವವರೆಗೆ ರಾಜಭೋಗ. ನಿಂತಿತೋ, ಮುಗಿಯಿತು ಕತೆ.

ಮೇಸ್ತ್ರಿ ಗಾಳಿಯ ಪೈಪು ಬಿಚ್ಚಿ ಎರಡು ಬೆರಳಲ್ಲಿ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿದ. ಸಡಿಲವಾದ ಹಲ್ಲಿನ ಹಾಗೆ ಅತ್ತಿತ್ತ ಆಡಿತು. ಚಕ್ರ ಗೋಡೆಗೆ ತಗುಲಿ ಕಿರ್ ಅಂದಿತು.

"ಇದನ್ನ ನೀವಾಗಿದ್ರೆ ಕಿತ್ತೇ ಹಾಕ್ತಿದ್ರಿ," ಅಂದ.

ಡಾಕ್ಟರಮ್ಮ ಬಗ್ಗಿ ನೋಡಿದರು. "ನಾನಾಗಿದ್ರೆ ಇದು ಯಾಕೆ ಸಡಿಲ ಆಯ್ತು ಅಂತ ಮೊದಲು ಕೇಳ್ತಿದ್ದೆ."

ಮಾತು ಮೆಲ್ಲಗೇ ಬಂದಿತ್ತು, ನಾಟಿದ್ದು ಮಾತ್ರ ಜೋರಾಗಿಯೇ.

ಮೇಸ್ತ್ರಿ ಅಂದು ಮಧ್ಯಾಹ್ನವೆಲ್ಲ ಅದೊಂದೇ ಕೆಲಸ ಹಿಡಿದ. ಗಾಳಿಯ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿದ, ಚೊಕ್ಕಟವಾಗಿತ್ತು. ಚಕ್ರದ ರೆಕ್ಕೆಗಳ ತುದಿಯಲ್ಲಿ ಒಂದು ಗೀರಿಲ್ಲ. ಅಂದರೆ ಕಲ್ಲು ಮಣ್ಣು ಒಳಗೆ ಹೋಗಿಲ್ಲ. ಆಯಿಲಿನ ಒತ್ತಡಕ್ಕೆ ಗೇಜು ಕಟ್ಟಿ, ಎಂಜಿನ್ ತಣ್ಣಗಿರುವಾಗ ಒಮ್ಮೆ, ಕಾದ ಮೇಲೆ ಒಮ್ಮೆ ಅಳೆದ; ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಆಯಿಲನ್ನು ಎರಡು ತಿಂಗಳ ಹಿಂದೆ ತಾನೇ ಬದಲಿಸಿದ್ದ. ಟರ್ಬೊಗೆ ಆಯಿಲು ಕೊಡುವ ತೆಳ್ಳನೆಯ ಪೈಪನ್ನು ಹೋದ ಸಲವೇ ಹೊಸದು ಹಾಕಿದ್ದ. ಒಂದೊಂದೇ ತಳ್ಳಿಹಾಕುತ್ತ ಹೋದಾಗ ಕೊನೆಗೆ ಉಳಿದದ್ದು ಟರ್ಬೊ ಒಂದೇ. ಟರ್ಬೊ ಅಂದರೆ, ಅದನ್ನು ಎರಡು ಸಲವೂ ಬಿಚ್ಚಿ ಹೊಸ ಬೇರಿಂಗು ಹಾಕಿ ಕಟ್ಟಿದವನು. ಕಟ್ಟಿದವನು ಅವನ ಭಾವಮೈದುನ.

ಹೆಂಡತಿಯ ತಮ್ಮನದು ಎರಡು ಬೀದಿ ಆಚೆ ಟರ್ಬೊಗಳನ್ನಷ್ಟೇ ರಿಪೇರಿ ಮಾಡುವ ಅಂಗಡಿ. ಒಂದು ಕೋಣೆ, ಒಂದು ಲೇತು, ತಿರುಗುವ ಶಾಫ್ಟಿನ ತೂಕ ಸಮ ಇದೆಯೇ ಎಂದು ನೋಡುವ, ಗಾಜಿನ ಮುಚ್ಚಳದ ಒಂದು ಬ್ಯಾಲೆನ್ಸಿಂಗ್ ಯಂತ್ರ. ನೆಲದ ಮೇಲೆ ಬಿದ್ದ ಸ್ಕ್ರೂ ಕೂಡ ಗೆರೆ ಎಳೆದಂತೆ ಬಿದ್ದಿರಬೇಕು, ಅಂಥ ಮನುಷ್ಯ. ಮೇಸ್ತ್ರಿ ಟರ್ಬೊವನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೇ ಹೋದ. ದಾರಿಯಲ್ಲಿ ತಲೆಯೂ ಕಾಯಿತು.

"ಮೂರನೇ ಸಲ," ಎಂದು ಮೇಜಿನ ಮೇಲಿಟ್ಟ.

ಭಾವಮೈದುನ ಕನ್ನಡಕ ಏರಿಸಿ ನೋಡಿದ. "ಆಯಿಲು ಸರಿಯಾಗಿ ಹೋಗ್ತಿಲ್ಲ ಭಾವ."

"ಎಲ್ಲಾ ಅಳೆದು ನೋಡಿದೀನಿ. ಆಯಿಲು ಬೇಕಾದಷ್ಟು ಹೋಗ್ತಿದೆ. ನಿನ್ನ ಬ್ಯಾಲೆನ್ಸಿಂಗೇ ಸರಿ ಇಲ್ಲ."

"ನಾನು ಕಟ್ಟಿದ ಟರ್ಬೊ ಇನ್ನೂರು ಓಡ್ತಿವೆ. ನಿಮ್ಮ ಗ್ಯಾರೇಜಿಗೆ ಬಂದದ್ದು ಮಾತ್ರ ಯಾಕೆ ಸಾಯತ್ತೆ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಕುಣೀತಿರೋದು ಯಾರು, ನೆಲ ಯಾರದು, ಸ್ವಲ್ಪ ಯೋಚ್ನೆ ಮಾಡಿ ಮಾತಾಡಿ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮೇಸ್ತ್ರಿ ಬಿಡಲಿಲ್ಲ. "ನಿನಗೆ ಕಣ್ಣು ಮಂಜಾಗಿದೆ ಕಣಯ್ಯ. ಅಳತೆ ಕಾಣ್ತಿಲ್ಲ. ಒಪ್ಕೊಂಡು ಬೇರೆ ಯಾರಿಗಾದ್ರೂ ಕಲಿಸಿ ಸುಮ್ನೆ ಕೂರು," ಅಂದ. ಅಂಗಡಿಯಲ್ಲಿ ಆಗ ಒಬ್ಬ ಬಸ್ಸಿನ ಮಾಲೀಕ ಕೂತಿದ್ದ. ಆತ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡ.

ಭಾವಮೈದುನ ಟರ್ಬೊವನ್ನು ಮತ್ತೆ ಅದೇ ಬಟ್ಟೆಯಲ್ಲಿ, ಬಂದಾಗಿದ್ದಕ್ಕಿಂತ ಅಚ್ಚುಕಟ್ಟಾಗಿ ಸುತ್ತಿ ಭಾವನ ಕೈಗೆ ಕೊಟ್ಟು ಲೇತಿನ ಕಡೆ ತಿರುಗಿದ.

ಸುದ್ದಿ ಮೇಸ್ತ್ರಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ತಟ್ಟೆ ಇಟ್ಟಳು, ಬಡಿಸಿದಳು, ನೀರು ಇಟ್ಟಳು. ಮಾತು ಮಾತ್ರ ಬಡಿಸಲಿಲ್ಲ. ಊಟ ಮುಗಿಯುವ ಹೊತ್ತಿಗೆ ಮೇಸ್ತ್ರಿಯೇ ಸೋತ.

"ಏನಾದ್ರೂ ಹೇಳೋದಿದ್ರೆ ಹೇಳು."

"ನನ್ನ ತಮ್ಮ ಅಂತ ಹೇಳ್ತಿಲ್ಲ. ಅವನು ತಪ್ಪು ಮಾಡಿದ್ರೆ ತೋರ್ಸಿ. ತೋರಿಸ್ದೆ ನಾಲ್ಕು ಜನರ ಮುಂದೆ ಬಯ್ದು ಬರೋದು ಯಾವ ನ್ಯಾಯ?"

"ನಾಲ್ಕು ಜನ ಇರ್ಲಿಲ್ಲ. ಒಬ್ಬನೇ ಇದ್ದ."

"ಅಷ್ಟು ಲೆಕ್ಕ ಚೆನ್ನಾಗಿ ಬರತ್ತೆ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬೇರೆ ಕೆಲಸಕ್ಕೆ ಕೈ ಹಾಕಲಿಲ್ಲ. ಬೆಂಚಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಟರ್ಬೊವನ್ನು ಅದರ ನಡುವೆ ಇಟ್ಟು, ಒಂದೊಂದೇ ಬಿಚ್ಚುತ್ತ ಹೋದ. ಟರ್ಬೊ ಬಿಚ್ಚುವುದು ಅವನ ಕೆಲಸವಲ್ಲ, ಭಾವಮೈದುನನದು. ಆದರೆ ತಪ್ಪು ತೋರಿಸಬೇಕಾದರೆ ಮೊದಲು ತಾನು ಕಾಣಬೇಕಲ್ಲ. ಬ್ಯಾಲೆನ್ಸ್ ತಪ್ಪಿದ್ದರೆ ಶಾಫ್ಟು ಕುಣಿದು ಎರಡೂ ಬೇರಿಂಗುಗಳು ಒಂದೇ ಸಮ ಸವೆದಿರಬೇಕು ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಬಟ್ಟೆಯ ಮೇಲಿಟ್ಟು ಹೆಂಡತಿಗೆ ತೋರಿಸುವುದು, ಆಮೇಲೆ ನೆಮ್ಮದಿಯಾಗಿ ಊಟ ಮಾಡುವುದು, ಇದು ಯೋಜನೆ.

ಬೇರಿಂಗುಗಳು ಹೊರಬಂದವು. ಗಾಳಿಯ ಕಡೆಯದು ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಅದರ ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ಹೊಗೆಯ ಕಡೆಯದು ಕಪ್ಪಗೆ ಕರಕಲಾಗಿತ್ತು. ಶಾಫ್ಟಿನ ಆ ತುದಿ ನೀಲಿಯಾಗಿತ್ತು. ಅದರ ಸುತ್ತ, ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟು ಹೋದಾಗ ಹತ್ತುವ ಹಕ್ಕಳೆಯ ಹಾಗೆ, ಗಟ್ಟಿ ಕರಿ ಕಟ್ಟಿತ್ತು. ಉಗುರಲ್ಲಿ ಕೆರೆದರೂ ಬಿಡಲೊಲ್ಲದು.

ಮೇಸ್ತ್ರಿ ಎರಡೂ ಬೇರಿಂಗುಗಳನ್ನು ಎರಡು ಅಂಗೈಯಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಬ್ಯಾಲೆನ್ಸ್ ತಪ್ಪಿದ್ದಲ್ಲ. ಆಯಿಲು ಕಡಿಮೆ ಬಿದ್ದದ್ದೂ ಅಲ್ಲ, ಬಿದ್ದಿದ್ದರೆ ಎರಡೂ ಒಣಗುತ್ತಿದ್ದವು. ಇದು ಶಾಖ. ಟರ್ಬೊ ಕೆಂಡದಂತೆ ಕಾದಿರುವಾಗ ಎಂಜಿನ್ ನಿಂತಿದೆ. ಎಂಜಿನ್ ನಿಂತರೆ ಆಯಿಲು ನಿಲ್ಲುತ್ತದೆ. ನಿಂತ ಆಯಿಲು ಹೊಗೆಯ ಕಡೆಯ ಬಿಸಿಗೆ ಅಲ್ಲೇ ಬೆಂದು ಕರಿಯಾಗುತ್ತದೆ. ಒಂದು ದಿನ ಅಲ್ಲ, ದಿನಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ತಾನು ಭಾವಮೈದುನನಿಗೆ ಬರೆ ಹಾಕಿ ಬಂದಿದ್ದೆ ಎಂಬುದು ಅವನಿಗೆ ಆಗಲೇ ಅರ್ಥವಾಯಿತು. ಹೆಂಡತಿ ಗಾಜಿನ ಆಚೆಯಿಂದ ನೋಡುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದ.

"ಡಾಕ್ಟ್ರೇ, ನಾನೊಂದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೆ. ಜ್ಞಾಪಕ ಇದೆಯಾ?"

"ದಿನಾ ಕಣ್ಣೆದುರಿಗೇ ಇರತ್ತಲ್ಲ. 'ಮನೆ ತಲುಪಿದ ಮೇಲೆ ಕೀ ತೆಗೆಯುವ ಮುಂಚೆ ಒಂದು ನಿಮಿಷ ಕಾಯಿರಿ.'"

"ಕಾಯ್ತೀರಾ?"

"ಗಡಿಯಾರ ನೋಡ್ಕೊಂಡು ಕಾಯ್ತೀನಿ."

"ದಿನಾ?"

"ಮೇಸ್ತ್ರಿಯವರೇ, ನನ್ನ ಹತ್ರ ಬರೋರೆಲ್ಲ ದಿನಕ್ಕೆರಡು ಸಲ ಹಲ್ಲು ಉಜ್ತೀವಿ ಅಂತಾರೆ. ಬಾಯಿ ತೆಗೆದ್ರೆ ಗೊತ್ತಾಗತ್ತೆ. ಅಂಥ ಸುಳ್ಳು ಕೇಳೀ ಕೇಳೀ ಸಾಕಾಗಿರೋಳು ನಾನು. ನಿಮ್ಮ ಹತ್ರ ಯಾಕೆ ಹೇಳ್ಲಿ?"

ಧ್ವನಿಯಲ್ಲಿ ಸುಳ್ಳು ಇರಲಿಲ್ಲ. ಬೇರಿಂಗಿನ ಕರಿಯಲ್ಲೂ ಸುಳ್ಳು ಇರಲಿಲ್ಲ. ಎರಡೂ ನಿಜವಾಗಿರಬೇಕಾದರೆ ನಡುವೆ ಏನೋ ಇದೆ. ಕಿವಿಯಿಂದ ಆಗುವ ಕೆಲಸ ಇದಲ್ಲ, ಕಣ್ಣಾರೆ ನೋಡಬೇಕು ಅನ್ನಿಸಿತು ಮೇಸ್ತ್ರಿಗೆ. ಅದೇ ಜಾತಿಯ ಒಂದು ಗುಜರಿ ಕಾರಿನಿಂದ ಎಂದೋ ಬಿಚ್ಚಿಟ್ಟಿದ್ದ ಹಳೆಯ ಟರ್ಬೊವನ್ನು ಒರೆಸಿ ತಾತ್ಕಾಲಿಕವಾಗಿ ಜೋಡಿಸಿದ. ನಾಲ್ಕು ದಿನ ಬಾಳುವಷ್ಟು ಉಸಿರು ಅದರಲ್ಲಿತ್ತು.

"ಸಂಜೆ ನಿಮ್ಮ ಜೊತೆ ನಿಮ್ಮ ಮನೆಯವರೆಗೂ ಬರ್ತೀನಿ," ಅಂದ.

"ನನ್ನ ಡ್ರೈವಿಂಗ್ ಪರೀಕ್ಷೆಗಾ?"

"ಹಾಗೇ ಅಂದ್ಕೊಳ್ಳಿ."

ಐದೂವರೆಗೆ ಕ್ಲಿನಿಕ್ಕಿನ ಬಾಗಿಲಿಂದ ಹೊರಟರು. ಮೇಸ್ತ್ರಿಯ ತೊಡೆಯ ಮೇಲೆ ಶಾಖ ಅಳೆಯುವ ಯಂತ್ರವಿತ್ತು. ಆಟದ ಪಿಸ್ತೂಲಿನ ಹಾಗೆ ಗುರಿಯಿಟ್ಟು ಒತ್ತಿದರೆ ಎಷ್ಟು ಬಿಸಿ ಎಂದು ಅಂಕಿ ತೋರಿಸುವಂಥದು. ಡಾಕ್ಟರಮ್ಮ ಸೀಟು ಮುಂದೆ ಎಳೆದು, ಕನ್ನಡಿ ಸರಿಮಾಡಿ, ಬೆಲ್ಟು ಹಾಕಿ, ಎಂಜಿನ್ ಎರಡು ನಿಮಿಷ ಮೆಲ್ಲಗೆ ಕಾಯುವವರೆಗೂ ಕದಲಲಿಲ್ಲ. ಹೆದ್ದಾರಿ ಹಿಡಿದ ಮೇಲೆ ಕಾಲು ಒತ್ತಿದರು. ಮೇಸ್ತ್ರಿಯ ಬೆನ್ನು ಸೀಟಿಗೆ ಅಂಟಿತು. ಗೇರು ಬದಲಿಸುವುದು ಗೊತ್ತೇ ಆಗದ ಹಾಗೆ ಬದಲಿಸುತ್ತಿದ್ದರು. ತಿರುವಿಗೆ ಮುಂಚೆ ಬ್ರೇಕು, ತಿರುವಿನಲ್ಲಿ ತಾಳ್ಮೆ, ತಿರುವು ಬಿಟ್ಟ ಮೇಲೆ ಬಲ. ಹಲ್ಲು ಕೀಳುವ ಕೈ ಇಷ್ಟು ಮೃದುವಾಗಿದ್ದರೆ ನೋವೇ ಆಗಲಿಕ್ಕಿಲ್ಲ ಅಂದುಕೊಂಡ ಮೇಸ್ತ್ರಿ. ಹೊರಗೆ ಹೇಳಲಿಲ್ಲ, ಒಂದು ಕೈಯಿಂದ ಬಾಗಿಲಿನ ಹಿಡಿಕೆ ಹಿಡಿದುಕೊಂಡೇ ಇದ್ದ.

ಹೆದ್ದಾರಿ ಬಿಟ್ಟು ಬಡಾವಣೆಯ ಕಡೆ ತಿರುಗಿದರು. ಕಡಿದಾದ ಉದ್ದನೆಯ ಏರು. ಡಾಕ್ಟರಮ್ಮ ಗೇರು ಇಳಿಸಿ ಕಾರನ್ನು ಒಂದೇ ಉಸಿರಿಗೆ ಹತ್ತಿಸಿದರು. ಟರ್ಬೊ ಪೂರ್ತಿ ಬಲದಿಂದ ಉಸಿರೆಳೆಯುತ್ತಿತ್ತು. ಏರಿನ ತುದಿಯಲ್ಲಿ ನೀರಿನ ದೊಡ್ಡ ಟ್ಯಾಂಕು. ಟ್ಯಾಂಕಿನ ಪಕ್ಕ ರಸ್ತೆ ಬಲಕ್ಕೆ ಹೊರಳಿ ಇಳಿಜಾರು ಆರಂಭವಾಯಿತು.

ಅಲ್ಲಿ ಡಾಕ್ಟರಮ್ಮ ಗೇರನ್ನು ನ್ಯೂಟ್ರಲ್ಲಿಗೆ ತಂದರು. ಕೀಯನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರು.

ಎಂಜಿನ್ ನಿಂತಿತು. ಟೈರಿನ ಸದ್ದು, ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಏನಾಯ್ತು?" ಅಂದ ಮೇಸ್ತ್ರಿ.

"ಏನೂ ಆಗಿಲ್ಲ. ಮನೆ ಬಂತು."

ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಎರಡು ಬೀದಿ ಇಳಿಯಿತು. ಎಂಜಿನ್ ಇಲ್ಲದ ಸ್ಟೇರಿಂಗ್ ಬಂಡೆಯ ಹಾಗೆ ಭಾರವಾಗಿರುತ್ತದೆ. ಡಾಕ್ಟರಮ್ಮ ಎರಡೂ ಕೈಯಿಂದ ಎಳೆದು ಎಡಕ್ಕೆ ತಿರುಗಿಸಿದರು. ಮನೆಯ ಮುಂದೆ ಬ್ರೇಕು ಒತ್ತಿ ನಿಲ್ಲಿಸಿದರು, ಹ್ಯಾಂಡ್‌ಬ್ರೇಕು ಎಳೆದು ಇಳಿದರು, ಕಬ್ಬಿಣದ ಗೇಟು ತೆರೆದರು. ತುಕ್ಕು ಹಿಡಿದ ಗೇಟು ಕತ್ತು ಹಿಸುಕಿದ ಹಾಗೆ ಕಿರುಚಿಕೊಂಡಿತು. ಮೇಸ್ತ್ರಿಗೆ ಹಲ್ಲು ಜುಮ್ಮೆಂದಿತು. ಮತ್ತೆ ಬಂದು ಕೂತು ಹ್ಯಾಂಡ್‌ಬ್ರೇಕು ಬಿಟ್ಟರು. ಕಾರು ತಾನಾಗಿ ಉರುಳಿ ಅಂಗಳದಲ್ಲಿ ತನ್ನ ಜಾಗದಲ್ಲಿ ನಿಂತಿತು. ಆಮೇಲೆ ಡಾಕ್ಟರಮ್ಮ ಕೈಗಡಿಯಾರ ನೋಡುತ್ತ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಸರಿಯಾಗಿ ಅರವತ್ತು ಸೆಕೆಂಡು ಕೂತರು. ಮುಗಿದ ಮೇಲೆ ಕೀ ತೆಗೆದು ಮೇಸ್ತ್ರಿಯ ಮುಖ ನೋಡಿದರು.

"ಸರಿಯಾಗಿದೆಯಾ?"

ಮೇಸ್ತ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಡಾಕ್ಟ್ರೇ, ಈ ಒಂದು ನಿಮಿಷ ಯಾಕೆ ಅಂತ ಅಂದ್ಕೊಂಡಿದೀರಿ?"

"ಟರ್ಬೊ ತಣ್ಣಗಾಗೋಕೆ ಅಂತ ನೀವೇ ಹೇಳಿದ್ರಲ್ಲ. ಎಂಜಿನ್ ನಿಂತ್ರೆ ತಾನೇ ತಣ್ಣಗಾಗೋದು?"

"ಬನ್ನಿ ಈ ಕಡೆ."

ಬಾನೆಟ್ ಎತ್ತಿ ಯಂತ್ರವನ್ನು ಗುರಿಯಿಟ್ಟ. ಹೊಗೆಯ ಕಡೆಯ ಚಿಪ್ಪು ಐನೂರು ಡಿಗ್ರಿಯ ಹತ್ತಿರ ಇತ್ತು. "ಅದನ್ನ ಬಿಡಿ. ನಡುವೆ ನೋಡಿ. ಬೇರಿಂಗು ಇರೋದು ಇಲ್ಲಿ," ಎಂದು ಎರಡು ಬಸವನಹುಳುಗಳ ನಡುವಿನ ಕುತ್ತಿಗೆಗೆ ಗುರಿಯಿಟ್ಟ. ನೂರ ಎಪ್ಪತ್ತು. ಇಬ್ಬರೂ ನಿಂತು ನೋಡಿದರು. ನೂರ ತೊಂಬತ್ತು. ಇನ್ನೂರ ಇಪ್ಪತ್ತು. ಎಂಜಿನ್ ನಿಂತ ಮೇಲೆ ಅಂಕಿ ಇಳಿಯಬೇಕು ಎಂದುಕೊಂಡಿದ್ದ ಡಾಕ್ಟರಮ್ಮನ ಹುಬ್ಬು ಅಂಕಿಯ ಜೊತೆಗೇ ಏರುತ್ತ ಹೋಯಿತು. ಇನ್ನೂರ ಅರವತ್ತಕ್ಕೆ ಹೋಗಿ ನಿಂತಿತು.

"ಓಡ್ತಾ ಇರೋವಾಗ ಆಯಿಲು ಬಂದು ಈ ಬಿಸಿನ ಹೊತ್ಕೊಂಡು ಹೋಗ್ತಿರತ್ತೆ," ಅಂದ ಮೇಸ್ತ್ರಿ. "ಏರು ಹತ್ತಿಸಿ, ಕೆಂಡ ಮಾಡಿ, ತಕ್ಷಣ ನೀವು ಎಂಜಿನ್ ಆರಿಸಿದ್ರಿ. ಹೊತ್ಕೊಂಡು ಹೋಗೋರು ಯಾರೂ ಇಲ್ಲ. ಇದ್ದ ಆಯಿಲು ಇಲ್ಲೇ ಬೆಂದು ಹೋಯ್ತು. ಒಂದು ನಿಮಿಷ ಎಂಜಿನ್ ಮೆಲ್ಲಗೆ ಓಡಬೇಕಿತ್ತು. ತಪ್ಪು ನಂದೂ ಇದೆ. ಎಂಜಿನ್ ಅಂತ ಬರೆಯೋ ಕಡೆ ಕೀ ಅಂತ ಬರೆದೆ."

ಡಾಕ್ಟರಮ್ಮ ಸ್ವಲ್ಪ ಹೊತ್ತು ಟರ್ಬೊವನ್ನೇ ನೋಡಿದರು. "ಮೂರು ಸಲಾನೂ ಹಾಗೇ ಸುಟ್ಟೆನಾ?"

"ಮೂರು ಸಲಾನೂ. ಅದಿರ್ಲಿ, ಯಾಕೆ ಹೀಗೆ ಉರುಳಿಸ್ಕೊಂಡು ಬರ್ತೀರಿ? ಎಂಜಿನ್ ಇಲ್ದಿದ್ರೆ ಬ್ರೇಕು ಎರಡು ಮೂರು ಸಲ ಹಿಡಿಯತ್ತೆ ಅಷ್ಟೆ. ಯಾರಾದ್ರೂ ಅಡ್ಡ ಬಂದ್ರೆ ಏನು ಗತಿ?"

ಡಾಕ್ಟರಮ್ಮ ಧ್ವನಿ ತಗ್ಗಿಸಿ ಪಕ್ಕದ ಮನೆಯ ಕಡೆ ಕಣ್ಣು ತೋರಿಸಿದರು. ಆ ಮನೆಯಲ್ಲಿ ಒಬ್ಬ ನರ್ಸು ಇದ್ದರು, ಆಸ್ಪತ್ರೆಯಲ್ಲಿ ಸದಾ ರಾತ್ರಿ ಪಾಳಿ. ಸಂಜೆ ಏಳರವರೆಗೆ ಮಲಗುವವರು. ಒಂದೂವರೆ ವರ್ಷದ ಹಿಂದೆ ಆಕೆ ಕಾಂಪೌಂಡಿನ ಹತ್ತಿರ ಬಂದು, ಸಂಜೆ ನೀವು ಬರುವಾಗ ಸ್ವಲ್ಪ ಸದ್ದು ಕಡಿಮೆ ಆದರೆ ಚೆನ್ನಾಗಿತ್ತು ಎಂದು ಬಹಳ ಸಂಕೋಚದಿಂದ ಕೇಳಿಕೊಂಡಿದ್ದರು. ಡಾಕ್ಟರಮ್ಮನಿಗೆ ನಾಚಿಕೆಯಾಗಿತ್ತು. ಊರಿನ ರೋಗಿಗಳನ್ನು ನೋಡಿ ಬಂದವರ ನಿದ್ದೆಯನ್ನು ತನ್ನ ಶೋಕಿ ಕೆಡಿಸಬಾರದು ಎಂದು ಮಾರನೆಯ ದಿನದಿಂದಲೇ ಟ್ಯಾಂಕಿನ ಹತ್ತಿರ ಎಂಜಿನ್ ಆರಿಸಲು ಶುರು ಮಾಡಿದ್ದರು.

ಲೆಕ್ಕ ಕೂಡಿಬಂತು. ಕಾರು ಕೊಂಡು ಮೂರು ವರ್ಷ. ಮೊದಲ ಒಂದೂವರೆ ವರ್ಷ ಟರ್ಬೊ ತುಟಿ ಪಿಟಕ್ಕೆಂದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತೆರೆಯಿತು. ಕೆದರಿದ ತಲೆ, ಕೈಯಲ್ಲಿ ಟೀ ಲೋಟ. ನರ್ಸು ಕಾಂಪೌಂಡಿನ ಹತ್ತಿರ ಬಂದು ಇಬ್ಬರನ್ನೂ, ಎತ್ತಿದ ಬಾನೆಟ್ಟನ್ನೂ ನೋಡಿದರು.

"ಕಾರು ಕೆಟ್ಟಿತಾ ಡಾಕ್ಟ್ರೇ?"

"ಎಚ್ಚರ ಆಯ್ತಾ ನಿಮಗೆ? ಸದ್ದಾಗದ ಹಾಗೇ ಬಂದೆ," ಅಂದರು ಡಾಕ್ಟರಮ್ಮ.

"ದಿನಾ ಆಗೋ ಹಾಗೇ ಆಯ್ತು. ನಿಮ್ಮ ಗೇಟು."

"ಗೇಟಾ?"

"ಅದರ ಬಗ್ಗೆನೇ ಅಲ್ವಾ ನಾನು ಅವತ್ತು ಹೇಳಿದ್ದು? ನೀವು 'ಖಂಡಿತ ಸರಿ ಮಾಡ್ತೀನಿ' ಅಂದ್ರಿ. ಮತ್ತೆ ಮತ್ತೆ ಕೇಳೋಕೆ ನನಗೇ ಸಂಕೋಚ ಆಗಿ ಸುಮ್ನಾದೆ."

ಡಾಕ್ಟರಮ್ಮ ತಿರುಗಿ ಗೇಟನ್ನು ನೋಡಿದರು. "ನಾನು ಕಾರಿನ ಸದ್ದು ಅಂದ್ಕೊಂಡೆ. ಒಂದೂವರೆ ವರ್ಷದಿಂದ ಟ್ಯಾಂಕಿನ ಹತ್ರಾನೇ ಎಂಜಿನ್ ಆರಿಸಿ ಬರ್ತಿದೀನಿ."

ನರ್ಸು ಟೀ ಲೋಟವನ್ನು ಗೋಡೆಯ ಮೇಲಿಟ್ಟರು. "ಅಯ್ಯೋ, ಕಾರಿನ ಸದ್ದು ನನಗೆ ಅಲಾರಂ ಇದ್ದ ಹಾಗೆ ಇತ್ತು ಡಾಕ್ಟ್ರೇ. ಇಳಿಜಾರಲ್ಲಿ ಬರೋವಾಗ ಗುಂಯ್ ಅಂತ ಕೇಳಿಸ್ತಿತ್ತು. ಇನ್ನು ಏಳೋ ಹೊತ್ತಾಗ್ತಾ ಬಂತು ಅಂತ ನಿಧಾನಕ್ಕೆ ಮಗ್ಗಲು ಬದಲಾಯಿಸ್ತಿದ್ದೆ. ಅದು ನಿಂತು ಹೋಯ್ತು, ಗೇಟು ಮಾತ್ರ ಉಳೀತು. ಕಾರು ಮಾರಿ ಸೈಕಲ್ ತಗೊಂಡ್ರೇನೋ ಅಂತ ಕೂಡ ಒಂದು ಸಲ ಅಂದ್ಕೊಂಡೆ."

ಡಾಕ್ಟರಮ್ಮ, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು: "ಒಳ್ಳೆಯವಳಾಗೋಕೆ ಹೋಗಿ ಮೂರು ಸಲ ಟರ್ಬೊ ಸುಟ್ಟೆ."

ಅವರನ್ನು ಅನ್ನುವ ಯೋಗ್ಯತೆ ತನಗೂ ಇಲ್ಲ ಅನ್ನಿಸಿತು ಮೇಸ್ತ್ರಿಗೆ. ಅವರು ಒಂದು ಮಾತನ್ನು ಪೂರ್ತಿ ಕೇಳದೆ ಟರ್ಬೊ ಸುಟ್ಟಿದ್ದರು. ಅವನು ಒಂದು ಟರ್ಬೊವನ್ನು ಪೂರ್ತಿ ಬಿಚ್ಚದೆ ಮನುಷ್ಯನನ್ನೇ ಸುಟ್ಟು ಬಂದಿದ್ದ. ಜೇಬಿನಲ್ಲಿದ್ದ ಚಿಕ್ಕ ಡಬ್ಬಿಯಿಂದ ಒಂದಿಷ್ಟು ಗ್ರೀಸು ತೆಗೆದು ಗೇಟಿನ ಕೀಲುಗಳಿಗೆ ಹಚ್ಚಿ, ನಾಲ್ಕು ಸಲ ತೆರೆದು ಮುಚ್ಚಿ ನೋಡಿ, ಬಸ್ಸು ಹಿಡಿದು ವಾಪಸಾದ.

ಮಾರನೆಯ ಬೆಳಿಗ್ಗೆ ಭಾವಮೈದುನನ ಅಂಗಡಿಯಲ್ಲಿ ಬಸ್ಸಿನ ಮಾಲೀಕ ಮತ್ತೆ ಕೂತಿದ್ದ. ಅವನ ಟರ್ಬೊ ಇನ್ನೂ ಆಗಿರಲಿಲ್ಲ. ಅವನು ಹೋಗುವವರೆಗೆ ಬೀದಿಯಲ್ಲಿ ಸುತ್ತಾಡಿ ಬರೋಣವೇ ಎಂದು ಮೇಸ್ತ್ರಿಗೆ ಒಂದು ಕ್ಷಣ ಅನ್ನಿಸಿತು. ಆಮೇಲೆ ಒಳಗೆ ಹೋಗಿ, ಎರಡು ಬೇರಿಂಗುಗಳನ್ನೂ ಮೇಜಿನ ಮೇಲಿಟ್ಟ.

ಭಾವಮೈದುನ ಕೈ ಒರೆಸಿಕೊಂಡು ಬಂದು ನೋಡಿದ. ಒಂದು ನೋಟ ಸಾಕಾಯಿತು. "ಬಿಸಿಯಲ್ಲಿ ಆಫ್ ಮಾಡಿದಾರೆ."

"ಹೌದು. ನಿನ್ನೆ ಜೊತೆಗೆ ಹೋಗಿ ನೋಡ್ಕೊಂಡು ಬಂದೆ." ನಡೆದದ್ದನ್ನು ಹೇಳಿದ. ಟ್ಯಾಂಕು, ಗೇಟು, ನರ್ಸು, ಒಂದನ್ನೂ ಬಿಡಲಿಲ್ಲ. ಹೇಳುವುದು ಮುಗಿದ ಮೇಲೂ ಭಾವಮೈದುನ ಬೇರಿಂಗನ್ನೇ ನೋಡುತ್ತ ನಿಂತಿದ್ದ. ಇನ್ನೂ ಬಾಕಿ ಇದೆ ಎಂದು ಮೇಸ್ತ್ರಿಗೂ ಗೊತ್ತಿತ್ತು.

ಬಸ್ಸಿನ ಮಾಲೀಕನ ಕಡೆ ತಿರುಗಿ, "ಸ್ವಾಮಿ, ಮೊನ್ನೆ ನಾನು ಇವನ ಕಣ್ಣು ಮಂಜಾಗಿದೆ ಅಂದಿದ್ದೆ. ನೀವು ಕೇಳಿಸ್ಕೊಂಡಿರಿ. ಮಂಜಾಗಿದ್ದು ನನ್ನದು. ಇವನ ಕೆಲಸದಲ್ಲಿ ತಪ್ಪಿರ್ಲಿಲ್ಲ," ಅಂದ.

ಬಸ್ಸಿನ ಮಾಲೀಕ ಪೇಪರು ಮಡಿಸಿದ. "ನನಗೇನೂ ಕೇಳಿಸ್ಲಿಲ್ಲಪ್ಪ ಅವತ್ತು," ಅಂದ. "ಕೇಳಿಸಿದ್ರೆ ಟರ್ಬೊ ವಾಪಸ್ ತಗೊಂಡು ಹೋಗ್ತಿರ್ಲಿಲ್ವಾ?"

ಭಾವಮೈದುನನ ಮುಖ ಸ್ವಲ್ಪ ಸಡಿಲವಾಯಿತು. "ಕೂತ್ಕೊಳ್ಳಿ ಭಾವ," ಅಂದ. "ಮತ್ತೆ ಆ ಇನ್ನೂರು ಅಂದದ್ದು, ಸಿಟ್ಟಲ್ಲಿ ಅಂದೆ. ನೂರ ಹತ್ತು ಇರಬಹುದು."

ಆ ಟರ್ಬೊವನ್ನು ಈ ಸಲ ಇಬ್ಬರೂ ಕೂಡಿಯೇ ಕಟ್ಟಿದರು. ಕುತ್ತಿಗೆಯ ಒಳಗಿನ ಕರಿಯನ್ನು ಮದ್ದಿನಲ್ಲಿ ಒಂದು ಹಗಲು ನೆನೆಸಿ ತೆಗೆದರು. ನೀಲಿಯಾದ ಶಾಫ್ಟು ಹೋಗಿ ಹೊಸದು ಬಂತು, ಬೇರಿಂಗು ಹೊಸದು ಬಂತು. ಬ್ಯಾಲೆನ್ಸಿಂಗ್ ಯಂತ್ರದ ಗಾಜಿನ ಒಳಗೆ ಶಾಫ್ಟು ತಿರುಗುವಾಗ ಭಾವಮೈದುನ ಅಂಕಿಯನ್ನು ಬಾಯಿಬಿಟ್ಟು ಓದಿದ. ಓದುವ ಅಗತ್ಯವಿರಲಿಲ್ಲ, ಆದರೂ ಓದಿದ. ಮೇಸ್ತ್ರಿ ಹೂಂಗುಟ್ಟಿದ. ಅವನ ಪಾಲಿನ ಕೆಲಸ ಗ್ಯಾರೇಜಿನಲ್ಲಿತ್ತು. ಎಂಜಿನ್ನಿನ ಅಡಿಯ ಆಯಿಲು ತೊಟ್ಟಿ ಇಳಿಸಿ, ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಕರಿಯ ಚೂರುಗಳನ್ನು ತೊಳೆದ. ಆಯಿಲಿನ ತೆಳ್ಳನೆಯ ಪೈಪು ನಾಲ್ಕೇ ತಿಂಗಳಲ್ಲಿ ಅರ್ಧ ಕಟ್ಟಿಕೊಂಡಿತ್ತು, ಅದನ್ನೂ ಬಿಸಾಕಿದ. ಟರ್ಬೊ ಕೂರಿಸಿದ ಮೇಲೆ ಒಣಗಿದ ಬೇರಿಂಗು ತಿರುಗಬಾರದೆಂದು ಮೊದಲು ಕೈಯಿಂದಲೇ ಆಯಿಲು ತುಂಬಿದ. ಎಂಜಿನ್ ಹತ್ತದ ಹಾಗೆ ಕಿಡಿ ತಪ್ಪಿಸಿ, ಕೆಳಗಿನ ಪೈಪಿನಲ್ಲಿ ಆಯಿಲು ತೊಟ್ಟಿಕ್ಕುವವರೆಗೆ ಸುಮ್ಮನೆ ಸ್ಟಾರ್ಟರ್ ತಿರುಗಿಸಿದ. ಆಮೇಲೆ ಸ್ಟಾರ್ಟ್ ಮಾಡಿ, ಸ್ಕ್ರೂಡ್ರೈವರ್ ಊರಿ, ಕಣ್ಣು ಮುಚ್ಚಿ ನಿಂತ. ಕೂಗು ಇರಲಿಲ್ಲ. ಹೊಗೆಯೂ ಇರಲಿಲ್ಲ.

ಕಾರು ಒಯ್ಯಲು ಡಾಕ್ಟರಮ್ಮ ಬಂದಾಗ ಮೇಸ್ತ್ರಿ ಚೀಟಿ ಬರೆಯಲು ಕೂತ. ಹೆಂಡತಿ ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡಳು.

"ನೀವು ಹೇಳಿ, ನಾನು ಬರೀತೀನಿ. ಅವರು ಓದಿ, ಏನು ಅರ್ಥ ಆಯ್ತು ಅಂತ ವಾಪಸ್ ಹೇಳ್ಲಿ."

"ಹೆದ್ದಾರಿ ಬಿಟ್ಟ ಮೇಲೆ ನಿಧಾನ," ಅಂದ ಮೇಸ್ತ್ರಿ. "ಏರನ್ನ ವಯಸ್ಸಾದವರು ಮೆಟ್ಟಿಲು ಹತ್ತಿದ ಹಾಗೆ ಹತ್ತಿ. ಎಂಜಿನ್ ಮನೆ ಅಂಗಳದವರೆಗೂ ಓಡ್ತಿರಬೇಕು. ಅಂಗಳದಲ್ಲಿ ನಿಂತ ಮೇಲೂ ಒಂದು ನಿಮಿಷ ಓಡ್ತಾನೇ ಇರಬೇಕು. ಆಮೇಲೆ ಆರಿಸಿ."

ಡಾಕ್ಟರಮ್ಮ ಅಕ್ಷರ ಬಿಡದೆ ವಾಪಸ್ ಒಪ್ಪಿಸಿದರು. "ನಾಳೆಯಿಂದ ನಾನೂ ರೋಗಿಗಳಿಗೆ ಹೀಗೇ ಮಾಡ್ತೀನಿ," ಅಂದು ಹೊರಟರು.

ಆರು ತಿಂಗಳಾದ ಮೇಲೆ ಕಾರು ಆಯಿಲು ಬದಲಿಸಲು ಬಂತು. ಮೇಸ್ತ್ರಿ ಭಾವಮೈದುನನಿಗೆ ಫೋನ್ ಮಾಡಿ ಕರೆಸಿದ. ಅವನು ಬಂದು ಗಾಳಿಯ ಪೈಪು ಬಿಚ್ಚಿ, ಎರಡು ಬೆರಳಲ್ಲಿ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿ ನೋಡಿದ. ಕದಲಲಿಲ್ಲ. ಆಯಿಲಿನ ಪೈಪಿನೊಳಗೆ ಟಾರ್ಚು ಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ. ಆ ತುದಿಯ ಬೆಳಕು ಈ ತುದಿಗೆ ದುಂಡಗೆ ಕಾಣುತ್ತಿತ್ತು.

"ಇದು ಬಾಳತ್ತೆ ಭಾವ," ಅಂದ.

"ಎಷ್ಟು ದಿನ?"

"ನಾನು ಕಟ್ಟಿದ್ದಲ್ವಾ? ನಿಮ್ಮ ಗ್ಯಾರೇಜಿಗಿಂತ ಜಾಸ್ತಿ ದಿನ."

ಗಾಜಿನ ಕೋಣೆಯಲ್ಲಿ ಹೆಂಡತಿ ಯಾರಿಗೋ ಫೋನಿನಲ್ಲಿ, ಊಟಕ್ಕೆ ತಮ್ಮನೂ ಬರ್ತಿದಾನೆ, ಆಮೇಲೆ ಫೋನ್ ಮಾಡಿ ಎಂದು ಹೇಳುತ್ತಿದ್ದಳು. ಮೇಸ್ತ್ರಿ ಹೊಸ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದ. ಭಾವಮೈದುನ ಆಲಿಕೆ ಹಿಡಿದ.